ಬೆಳಕಿನ ವೈರೂ ಬೀಸುವ ಪದವೂ

ನಮ್ಮ ಮನೆಯ ಟಿವಿಯ ಬೆನ್ನಲ್ಲಿ ಜೋಳದ ಕಾಳಿನಷ್ಟು ಒಂದು ಕೆಂಪು ಬೆಳಕಿದೆ. ಟಿವಿ ಹಚ್ಚಿದರೆ ಅದೂ ಹೊತ್ತಿಕೊಳ್ಳುತ್ತದೆ, ಆರಿಸಿದರೆ ಅದೂ ಆರುತ್ತದೆ. ಸುಣ್ಣದ ಗೋಡೆಯೊಂದನ್ನು ಬಿಟ್ಟರೆ ಅದನ್ನು ನೋಡುವವರು ಯಾರೂ ಇಲ್ಲ. ಮೊನ್ನೆ ಮಹಾನವಮಿಗೆಂದು ಮನೆ ಝಾಡಿಸುವಾಗ ಟಿವಿ ಆರಿಸದೆಯೇ ಮೇಜನ್ನು ಮುಂದಕ್ಕೆಳೆದೆ. ನನ್ನ ಹೆಂಡತಿ ಶಾಂತಮ್ಮ ಕಸಬರಿಗೆ ಅಲ್ಲೇ ಬಿಟ್ಟು ಹಿಂದೆ ಸರಿದಳು.

"ರೀ, ಹಿಂದ ಕೆಂಡ ಬಿದ್ದಂಗ ಐತಿ ನೋಡ್ರಿ. ಮೊದಲ ಸ್ವಿಚ್ ತಗೀರಿ!"

ಸುಮಾರು ಎರಡು ವರ್ಷ ಅದೇ ಬೆಳಕಿನಿಂದ ದಿನಾ ಸಂಜೆ ಧಾರಾವಾಹಿ ಕೇಳಿದವಳು ಇವಳೇ. ಉಪಕಾರ ಮರೆಯುವುದರಲ್ಲಿ ಮನುಷ್ಯರನ್ನು ಮೀರಿಸಿದವರಿಲ್ಲ.

ಆ ಬೆಳಕು ಬರುವ ತೂತಿನಲ್ಲಿ ಒಂದು ಕಾಲಕ್ಕೆ ಒಂದು ವೈರು ಇತ್ತು. ಅಂಗಡಿಯವರು ಅದನ್ನು ಆಪ್ಟಿಕಲ್ ಕೇಬಲ್ ಎನ್ನುತ್ತಾರೆ, ನಮ್ಮ ಮನೆಯಲ್ಲಿ ಅದರ ಹೆಸರು ಬೆಳಕಿನ ವೈರು. ಈಗ ಆ ವೈರು ಇಲ್ಲ. ಯಾಕಿಲ್ಲ ಎಂದು ಹೇಳುವುದಕ್ಕೇ ಕುಳಿತಿದ್ದೇನೆ. ಆದರೆ ನಾನು ಮೂವತ್ತು ವರ್ಷ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು, ಅದರಲ್ಲೂ ಬಹುಪಾಲು ನಮ್ಮೂರು ಮಕ್ತಲ್‌ನಿಂದ ನಾರ್ವ, ಜೂರಾಲ, ಧರೂರು ಹಾದು ಗದ್ವಾಲಕ್ಕೆ ಹೋಗುವ ಬಸ್ಸಿನಲ್ಲಿ. ಕೈ ಮಾಡಿದವರಿಗೆಲ್ಲ ನಿಲ್ಲಿಸುತ್ತ ಹೋಗುವ ಬಸ್ಸು ಅದು. ನನ್ನ ಕತೆಯೂ ಹಾಗೇ ನಿಂತು ನಿಂತು ಹೋಗುತ್ತದೆ, ನೀವು ಸ್ವಲ್ಪ ಸರಿದು ಕೂತುಕೊಳ್ಳಬೇಕು.

ಮೂವತ್ತು ವರ್ಷ ಇಂಜಿನ್ನಿನ ಸದ್ದಿನಲ್ಲಿ ಬದುಕಿದವನಿಗೆ ಮನೆಯಲ್ಲೂ ಸದ್ದು ಬೇಕು. ಮೌನವೆಂದರೆ ಗಾಡಿ ಕೆಟ್ಟು ನಿಂತಿದೆ ಎಂದೇ ನನ್ನ ಅರ್ಥ. ತೆಲಂಗಾಣ ರಾಜ್ಯ ಬಂದ ವರ್ಷ, ಡಿಪೋದಲ್ಲಿ ಪೇಂಟರು ಬಸ್ಸುಗಳ ಮೈಮೇಲಿನ ಹಳೆಯ ಅಕ್ಷರ ಕೆರೆದು ಹೊಸ ಅಕ್ಷರ ಬರೆಯುತ್ತಿದ್ದ ದಿನಗಳಲ್ಲಿ, ನಾನೂ ಮನೆಗೆ ಏನಾದರೂ ಹೊಸದು ಆಗಲಿ ಎಂದು ನಾರಾಯಣಪೇಟೆಗೆ ಹೋಗಿ ದೊಡ್ಡ ಟಿವಿ, ಅದರ ಜೊತೆಗೊಂದು ಹೋಮ್ ಥಿಯೇಟರ್ ತಂದೆ. ಐದು ಚಿಕ್ಕ ಸ್ಪೀಕರು, ಅವುಗಳಿಗೆ ಯಜಮಾನನಂತೆ ಒಂದು ದಪ್ಪ ಬೇಸ್ ಡಬ್ಬಿ. ಚಿಕ್ಕವುಗಳಲ್ಲಿ ಮೂರನ್ನು ಎಲ್ಲಿಡಬೇಕೆಂದು ತಿಳಿಯದೆ ಒಂದನ್ನು ದೇವರ ಗೂಡಿನ ಪಕ್ಕದಲ್ಲಿ, ಒಂದನ್ನು ಅಡಿಗೆಮನೆಯ ಬಾಗಿಲ ಮೇಲೆ, ಒಂದನ್ನು ಹೊರಗಿನ ಪಡಸಾಲೆಯಲ್ಲಿ ಇಟ್ಟೆ. ಟಿವಿಯಲ್ಲಿ ವಿಮಾನ ಬಂದರೆ ಅದು ಅಡಿಗೆಮನೆಯಿಂದ ಹೊರಟು ದೇವರಿಗೆ ನಮಸ್ಕಾರ ಮಾಡಿ ಹೊರಗೆ ಹೋಗುತ್ತಿತ್ತು.

ಟಿವಿಗೂ ಆ ಹೋಮ್ ಥಿಯೇಟರಿನ ಪೆಟ್ಟಿಗೆಗೂ ನಡುವೆ ಒಂದು ಕೆಂಪು-ಬಿಳಿ ವೈರು. ಅದರದ್ದೊಂದು ಚಟ ಇತ್ತು. ಪೆಟ್ಟಿಗೆ ಹಚ್ಚಿದ ಕ್ಷಣದಿಂದ ಆರಿಸುವವರೆಗೆ ಬೇಸ್ ಡಬ್ಬಿ ಗುಂಯ್ ಎನ್ನುತ್ತಲೇ ಇರುತ್ತಿತ್ತು. ಹಾಡು ಇರಲಿ, ಬಿಡಲಿ, ಗುಂಯ್. ಒಂದೇ ಸ್ವರ, ಒಂದೇ ಮಟ್ಟ. ಡ್ಯೂಟಿಗೆ ಹೋಗುವವನಿಗೆ ಇದೇನು ಲೆಕ್ಕವೇ? ಬೆಳಿಗ್ಗೆ ಹೋದರೆ ಸಂಜೆ ಬರುವವನು ನಾನು. ಬಂದ ಮೇಲೂ ಒಂದು ತಾಸು ನನ್ನ ಕಿವಿಯಲ್ಲಿ ಬಸ್ಸೇ ಓಡುತ್ತಿತ್ತು.

ಅದೇ ವರ್ಷ ಅಕ್ಕ ನಮ್ಮ ಮನೆಗೆ ಬಂದಳು. ಬಸಮ್ಮ ಎಂದು ಅವಳ ಹೆಸರು, ನನಗಿಂತ ಒಂಬತ್ತು ವರ್ಷ ದೊಡ್ಡವಳು. ಭಾವ ಜೂರಾಲ ಕಾಲುವೆಗೆ ನೀರು ಬಿಡುವ ಲಷ್ಕರ್ ಆಗಿದ್ದ. ಧರೂರಿನಲ್ಲಿ ಅವರ ಮನೆ. ಭಾವ ತೀರಿಕೊಂಡ ಮೇಲೆ ಗದ್ವಾಲದಲ್ಲಿ ಟೀಚರಾಗಿರುವ ಮಗಳು ಸಾವಿತ್ರಿ, "ನಮ್ಮ ಮನ್ಯಾಗ ಇರು ಬಾ ಅವ್ವಾ" ಎಂದು ಎಷ್ಟು ಕರೆದರೂ ಅಕ್ಕ ಹೋಗಲಿಲ್ಲ. "ಅಳಿಯನ ಮನ್ಯಾಗ ಕಾಲು ಚಾಚಿ ಕೂಡಾಕ ಆಗಂಗಿಲ್ಲ. ತಮ್ಮನ ಮನಿ ಅಂದ್ರ ನನ್ನ ತವರುಮನಿ" ಎಂದು ಒಂದು ಟ್ರಂಕು, ಒಂದು ಎಲೆಅಡಿಕೆ ಸಂಚಿ ಹಿಡಿದುಕೊಂಡು ನನ್ನ ಬಸ್ಸಿಗೇ ಹತ್ತಿದಳು. ನಾನು ಟಿಕೆಟ್ ಕೊಡಲು ಹೋದರೆ, "ತವರಿಗೆ ಹೋಗೋ ಹೆಣ್ಮಗಳಿಗೂ ಟಿಕೀಟೇನೋ?" ಎಂದು ಇಡೀ ಬಸ್ಸಿಗೆ ಕೇಳುವಂತೆ ಬೈದಳು. ಜನ ನಕ್ಕರು. ಕೈಯಿಂದ ದುಡ್ಡು ಹಾಕಿ ಟಿಕೆಟ್ಟು ನಾನೇ ಹರಿದುಕೊಂಡೆ.

ಅಕ್ಕ ಬಂದ ಮೇಲೆ ಮನೆಗೆ ಒಂದು ನಡುಗಂಬ ಬಂದ ಹಾಗಾಯಿತು. ಬೆಳಿಗ್ಗೆ ಕೆಲಸ ಮುಗಿಸಿ ಬೇಸ್ ಡಬ್ಬಿಗೆ ಬೆನ್ನು ಕೊಟ್ಟು ಕುಳಿತು, ಮೊರದಲ್ಲಿ ಅಕ್ಕಿ ಇಲ್ಲವೇ ತೊಗರಿಬೇಳೆ ಹಾಕಿಕೊಂಡು ಪದ ಹೇಳುತ್ತಿದ್ದಳು. ಅಪರೂಪಕ್ಕೆ ರಜೆಯಿದ್ದ ದಿನ ನಾನು ಹೊರಗೆ ಬೇವಿನ ಕಟ್ಟೆಯ ಮೇಲೆ ಮಲಗಿ ಕೇಳುತ್ತಿದ್ದೆ. ನಾನು ಒಳಗೆ ಹೋದರೆ ನಿಲ್ಲಿಸಿಬಿಡುವಳು. ಹೊರಗಿನಿಂದ ಕೇಳಿದರೆ ಪದ ಒಂದೇ ಸಮನೆ ಹರಿಯುತ್ತಿತ್ತು. ಅವು ಎಲ್ಲಾ ನಮ್ಮ ಅವ್ವನ ಕಾಲದ ಬೀಸುವ ಪದಗಳು.

ಇಲ್ಲಿ ಬಸ್ಸು ನಾರ್ವದ ಹತ್ತಿರ ಒಂದಿಷ್ಟು ಹೊತ್ತು ನಿಲ್ಲುತ್ತದೆ.

ನಾವು ಹುಟ್ಟಿದ್ದು ನಾರ್ವದ ಕಡೆಯ ಒಂದು ಹಳ್ಳಿಯಲ್ಲಿ. ನಸುಕಿಗೇ ಅವ್ವ ಬೀಸುವ ಕಲ್ಲಿನ ಮುಂದೆ ಕೂಡುತ್ತಿದ್ದಳು. ಎದುರಿಗೆ ಅಕ್ಕ. ಒಂದೇ ಗೂಟಕ್ಕೆ ಇಬ್ಬರ ಕೈ. ಅಕ್ಕನಿಗಾಗ ಹನ್ನೆರಡೋ ಹದಿಮೂರೋ. ಅವಳ ತೊಡೆಯ ಮೇಲೆ ನಾನು, ಎದ್ದು ಓಡಾಡುವ ವಯಸ್ಸಾದರೂ ಸೋಮಾರಿತನದಿಂದ ಅಲ್ಲೇ ಮಲಗುತ್ತಿದ್ದೆ. ಕಲ್ಲು ಗುರ್ರನೆ ತಿರುಗಿದಂತೆ ಆ ಗುರ್ರು ನೆಲದಿಂದ ಅಕ್ಕನ ತೊಡೆಗೆ, ತೊಡೆಯಿಂದ ನನ್ನ ಕಿವಿಗೆ ಬರುತ್ತಿತ್ತು. ಜೋಳದ ಹಿಟ್ಟಿನ ಬಿಸಿ ವಾಸನೆ. ಕಣ್ಣು ಬಿಟ್ಟರೆ ಅವ್ವನ ರೆಪ್ಪೆಯ ಮೇಲೆ ಹಿಟ್ಟಿನ ಧೂಳು. ಮೊದಲನೆಯ ಸಾಲು ಅವ್ವ ಎತ್ತುವಳು, ಎರಡನೆಯದು ಅಕ್ಕ, ಮೂರನೆಯದು ಇಬ್ಬರೂ ಕೂಡಿ. ಅದರಲ್ಲೊಂದು ಪದ ನನ್ನ ಮೇಲೆ ಕಟ್ಟಿದ್ದು:

ಜ್ವಾಳದ ಕಾಳವ್ವ ನೀ ಮೆಲ್ಲಕ ಇಳಿಯವ್ವ
ತೊಡಿಮ್ಯಾಲ ತಮ್ಮ ಮಲಗ್ಯಾನ, ಅವನೆದ್ದರ
ನಡುವ ನಿಂತೀತ ನನ್ನ ಪದ

ಆಮೇಲೆ ಊರಿಗೆ ಹಿಟ್ಟಿನ ಗಿರಣಿ ಬಂತು. ಬೀಸುವ ಕಲ್ಲು ಹಿತ್ತಿಲಲ್ಲಿ ಬಿದ್ದು ಅದರ ತೂತಿನಲ್ಲಿ ತುಳಸಿ ಹುಟ್ಟಿತು. ಅವ್ವನ ಪದಗಳು ನಿಂತವು. ಹೆಂಗಸರಿಗೆ ಕೆಲಸ ಹಗುರಾಯಿತಲ್ಲ, ಇನ್ನು ಯಾರು ಹಾಡುತ್ತಾರೆ ಎಂದುಕೊಂಡೆವು. ಅದಕ್ಕಿಂತ ಹೆಚ್ಚು ಯಾರೂ ಯೋಚಿಸಲಿಲ್ಲ, ನಾನಂತೂ ಇಲ್ಲವೇ ಇಲ್ಲ.

ಇರಲಿ, ರೈಟ್ ರೈಟ್.

ಎರಡು ವರ್ಷಕ್ಕೆ ನಾನು ನಿವೃತ್ತನಾಗಿ ಮನೆಯಲ್ಲಿ ಕುಳಿತೆ. ಕಿವಿಯಲ್ಲಿನ ಬಸ್ಸು ನಿಧಾನಕ್ಕೆ ನಿಂತಿತು. ಆಗಲೇ ಆ ಗುಂಯ್ ನನಗೆ ಕೇಳಿಸಲು ಶುರುವಾದದ್ದು. ಒಮ್ಮೆ ಕೇಳಿಸಿದ ಮೇಲೆ ಬೇರೇನೂ ಕೇಳಿಸದು. ಸಾಲದ್ದಕ್ಕೆ, ನಾನು ಒಳಗೆ ಹೋದಾಗಲೆಲ್ಲ ಬೇಸ್ ಡಬ್ಬಿಗೆ ಆತು ಕುಳಿತ ಅಕ್ಕ ಕಿವಿಯ ಮೇಲೆ ಅಂಗೈ ಇಟ್ಟುಕೊಂಡಿರುವುದನ್ನು ನೋಡಿದೆ. ಪಾಪ, ಈ ಸದ್ದಿಗೆ ಅವಳ ತಲೆ ಸಿಡಿಯುತ್ತಿರಬೇಕು, ತಮ್ಮನ ಮನೆಯೆಂದು ಹೇಳದೆ ಸಹಿಸಿಕೊಂಡಿದ್ದಾಳೆ ಎಂದುಕೊಂಡೆ. ಹಾಡುವವರು ಕಿವಿಯ ಮೇಲೆ ಕೈ ಇಟ್ಟುಕೊಳ್ಳುತ್ತಾರೆ ಎನ್ನುವುದು ಬಸ್ಸಿನ ಸೀಟಿ ಬಿಟ್ಟು ಬೇರೇನೂ ಊದದವನಿಗೆ ಹೇಗೆ ತಿಳಿಯಬೇಕು?

ನಾರಾಯಣಪೇಟೆಯ ಖಾಜಾ ಭಾಯಿಯ ಅಂಗಡಿಗೆ ಹೋದೆ. ಹೋಮ್ ಥಿಯೇಟರ್ ಮಾರಿದ್ದು ಅವನೇ. ಕನ್ನಡಕ ಹಣೆಗೇರಿಸಿ ನನ್ನ ದೂರನ್ನೆಲ್ಲ ಕೇಳಿದ.

"ಕಂಡಕ್ಟರ್ ಸಾಬ್, ಪೆಟ್ಟಿಗಿ ಕೆಟ್ಟಿಲ್ರಿ. ಡಿಶ್ ವೈರಿಂದ ಟಿವಿಗೆ, ಟಿವಿಯಿಂದ ಆ ಕೆಂಪು-ಬಿಳಿ ವೈರಿಗೆ, ಚೋರ್ ಕರೆಂಟ್ ಹೊಕ್ಕೊಂಡ್ ಬರಾಕ ಹತ್ತೈತಿ. ಅದs ಗುಂಯ್ ಅನ್ನೋದು" ಎಂದು ಒಳಗಿನಿಂದ ಒಂದು ಸಣ್ಣ ಕಪ್ಪು ವೈರು ತಂದ. ಅಂಗಡಿಯ ಟಿವಿಯ ಹಿಂದೆ ಒಂದು ತುದಿ ಸಿಕ್ಕಿಸಿ ಇನ್ನೊಂದು ತುದಿಯನ್ನು ನನ್ನ ಅಂಗೈಗೆ ಹಿಡಿದ. ಅಂಗೈ ಮೇಲೆ ಒಂದು ಕೆಂಪು ಚುಕ್ಕೆ ಬಿತ್ತು. "ಇದರಾಗ ಕರೆಂಟs ಹೋಗಂಗಿಲ್ರಿ. ಖಾಲಿ ರೋಶ್ನಿ, ಬೆಳಕು. ಹಾಡು ಬೆಳಕಾಗಿ ಹೋಗಿ ಆ ಕಡಿ ಮತ್ತ ಹಾಡಾಗ್ತೈತಿ. ಕರೆಂಟs ಇಲ್ಲಂದ ಮ್ಯಾಲ ಗುಂಯ್ ಎಲ್ಲಿಂದ ಬರಬೇಕು?"

ನಾನು ಅಂಗೈಯನ್ನೇ ನೋಡುತ್ತ ನಿಂತೆ. ಅಂಗಡಿಯ ಟಿವಿಯಲ್ಲಿ ಯಾರೋ ಹಾಡುತ್ತಿದ್ದರು. ಆ ಹಾಡು ಈಗ ನನ್ನ ಕೈರೇಖೆಯ ಮೇಲೆ ಬಿದ್ದಿದೆ, ಆದರೆ ನನಗೆ ಬರೀ ಬೆಳಕು ಕಾಣುತ್ತಿದೆ. ಸ್ಪೀಕರಿನ ಪೆಟ್ಟಿಗೆಗೆ ತಿಳಿಯುವುದು ಮನುಷ್ಯನ ಕೈಗೆ ತಿಳಿಯುವುದಿಲ್ಲವಲ್ಲ ಎಂದು ಸ್ವಲ್ಪ ನಾಚಿಕೆಯೂ ಆಯಿತು. "ಮಡಚಬ್ಯಾಡ್ರಿ, ಗಂಟು ಹಾಕಬ್ಯಾಡ್ರಿ, ಒಳಗ ಗಾಜಿನಂಥಾ ಎಳಿ ಐತಿ" ಎಂದು ಖಾಜಾ ಭಾಯಿ ಎಚ್ಚರಿಕೆ ಹೇಳಿ ಕಟ್ಟಿಕೊಟ್ಟ.

ಮನೆಗೆ ಬಂದವನೇ, "ಅಕ್ಕಾ, ನಿನ್ನ ಸಲುವಾಗಿ ಏನ್ ತಂದೀನಿ ನೋಡು! ಇನ್ನ ಮ್ಯಾಲ ಆ ಗುಂಯ್ ಕಾಟ ಇಲ್ಲ" ಎಂದು ಕೆಂಪು-ಬಿಳಿ ವೈರು ಕಿತ್ತೆಸೆದು ಇದನ್ನು ತುರುಕಿದೆ. ಗುಂಯ್ ಹೋಯಿತು. ಜೊತೆಗೆ ಹಾಡೂ ಹೋಯಿತು. ಟಿವಿಯಲ್ಲಿ ಬಾಯಿಗಳು ಅಲುಗಾಡುತ್ತಿವೆ, ಮನೆಯಲ್ಲಿ ಸದ್ದೇ ಇಲ್ಲ. ಒಂದು ತಾಸು ಬಟನ್ನುಗಳನ್ನೆಲ್ಲ ಒತ್ತಿದೆ. ಮರುದಿನ ಬಸ್ಸು ಹಿಡಿದು ಮತ್ತೆ ನಾರಾಯಣಪೇಟೆ.

"ಎರಡೂ ತುದಿಗೆ ಸಣ್ಣ ಪ್ಲಾಸ್ಟಿಕ್ ಟೋಪಿ ಇರ್ತಾವ್ರಿ. ತಗದ್ರೇನು?" ಎಂದ ಖಾಜಾ ಭಾಯಿ.

ನಾನು ತೆಗೆದಿರಲಿಲ್ಲ. ಇದಕ್ಕೆ ನಮ್ಮ ಮನೆತನದ ಸಂಸ್ಕಾರವೇ ಕಾರಣ. ಹೊಸ ವಸ್ತುವಿನ ಕವರು ತೆಗೆಯುವುದೆಂದರೆ ನಮಗೆ ಅದರ ಮೈಮೇಲಿನ ಬಟ್ಟೆ ಕಿತ್ತಷ್ಟು ಪಾಪ. ನಮ್ಮ ಟಿವಿ ರಿಮೋಟು ಇಂದಿಗೂ ಪ್ಲಾಸ್ಟಿಕ್ಕಿನ ಚೀಲದೊಳಗಿದೆ, ಅಂಕಿಗಳನ್ನು ಊಹೆಯ ಮೇಲೆ ಒತ್ತುತ್ತೇವೆ. ಫ್ರಿಜ್ಜಿನ ಬಾಗಿಲ ಮೇಲಿನ ಸ್ಟಿಕರು, ಕುರ್ಚಿಯ ಮೇಲಿನ ಹಾಳೆ, ಮದುವೆಗೆ ಬಂದ ಗೋಡೆ ಗಡಿಯಾರದ ಮುಖದ ಪೊರೆ, ಎಲ್ಲಾ ಹಾಗೇ ಇವೆ. ಅಂಥ ಮನೆಯಲ್ಲಿ ಗಾಜಿನ ಎಳೆಯಿರುವ ವೈರಿನ ಟೋಪಿಯನ್ನು ತೆಗೆಯುವ ಧೈರ್ಯ ಯಾರಿಗೆ? ಬೆಳಕಿಗೆ ಟೋಪಿ ಹಾಕಿ ಹಾಡು ಕೇಳಲು ಕುಳಿತವನು ಇಡೀ ತೆಲಂಗಾಣದಲ್ಲಿ ನಾನೊಬ್ಬನೇ ಇರಬೇಕು.

ಮನೆಗೆ ಬಂದು ಟೋಪಿಗಳನ್ನು ತೆಗೆದೆ. ಹಾಡು ಬಂತು. ಎಂಥ ಹಾಡು! ಹಿಂದೆ ಒಂದು ಚೂರೂ ಸದ್ದಿಲ್ಲ, ತೊಳೆದ ತಟ್ಟೆಯಲ್ಲಿ ಅನ್ನ ಬಡಿಸಿದ ಹಾಗೆ. ಹಾಡು ಹಾಡಿನ ನಡುವೆ ಎಷ್ಟು ನಿಶ್ಶಬ್ದವೆಂದರೆ ಶಾಂತಮ್ಮ ಅಡಿಗೆಮನೆಯಿಂದ, "ಕರೆಂಟ್ ಹೋತೇನ್ರಿ?" ಎಂದು ಕೇಳಿದಳು. ತೆಲಂಗಾಣ ಬಂದ ಮೇಲೆ ಕರೆಂಟು ಹೋಗುವುದನ್ನೇ ಮರೆತಿದ್ದ ನಮಗೆ ಅದೊಂದು ಹೊಸ ಅನುಭವ.

"ಹೆಂಗೈತಿ ಅಕ್ಕಾ?" ಎಂದೆ.

ಅಕ್ಕ ಬೇಸ್ ಡಬ್ಬಿಯ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ನೋಡಿದಳು. "ಚೆಂದೈತಿ ತಮ್ಮಾ" ಎಂದಳು. ಮೇಜಿನ ಮೇಲೆ ಬಿದ್ದಿದ್ದ ಆ ಎರಡು ಟೋಪಿಗಳನ್ನು ಎತ್ತಿಕೊಂಡು, "ಇವು ಎಲ್ಲಿ ಒಗೀತಿ, ಕೊಡು ಇಲ್ಲೆ" ಎಂದು ಸಂಚಿಗೆ ಹಾಕಿಕೊಂಡಳು. ಏನನ್ನೂ ಬಿಸಾಡದಿರುವುದು ಸಹ ನಮ್ಮ ಮನೆತನದ ಗುಣವೇ.

ಮರುದಿನದಿಂದ ಅಕ್ಕ ಹಾಡಲಿಲ್ಲ.

ನನಗದು ಗೊತ್ತಾಗಲೂ ಇಲ್ಲ. ಹಾಡುವುದು ನಿಂತದ್ದು ಗೊತ್ತಾಗಬೇಕಾದರೆ ಕೇಳುತ್ತಿರಬೇಕು. ನಾನು ಹೊಸ ವೈರಿನ ಗುಂಗಿನಲ್ಲಿ ಊರಿನವರನ್ನೆಲ್ಲ ಕರೆದು, ಚಹಾ ಕೊಟ್ಟು, ಅಂಗೈ ಚಾಚಿಸಿ ಕೆಂಪು ಚುಕ್ಕೆ ತೋರಿಸುತ್ತಿದ್ದೆ. ಅಕ್ಕ ಮೊರ ಹಿಡಿದು ಅದೇ ಜಾಗದಲ್ಲಿ ಕುಳಿತಿರುತ್ತಿದ್ದಳು. ಕಲ್ಲು ಆರಿಸಿ ಮುಗಿದ ಅಕ್ಕಿಯನ್ನೇ ಮತ್ತೆ ಆರಿಸುವಳು. ಒಂದೆರಡು ಸಲ ಪೆಟ್ಟಿಗೆಯ ಸ್ವಿಚ್ಚು ಹಚ್ಚಿ, ಕಾದು, ಆರಿಸಿದ್ದನ್ನು ಶಾಂತಮ್ಮ ನೋಡಿದ್ದಳಂತೆ. ಮೂರು ತಿಂಗಳು ಕಳೆಯುವಷ್ಟರಲ್ಲಿ ಅಕ್ಕ ಒಂದು ಬೆಳಿಗ್ಗೆ ಟ್ರಂಕು ಪಡಸಾಲೆಗೆ ತಂದಿಟ್ಟಳು.

"ಸಾವಿತ್ರಿ ಕರಿಯಾಕ ಹತ್ಯಾಳ. ಹೋಗಿ ಬರ್ತೀನಿ."

"ಯಾಕ ಅಕ್ಕಾ? ಏನ್ ಕಡಿಮಿ ಆತು? ಶಾಂತಿ ಏನಾರ ಅಂದಳೇನು?"

"ಆಕಿ ಯಾಕ ಅಂತಾಳ, ಬಂಗಾರದಂಥಾಕಿ" ಎಂದಳು ಅಕ್ಕ. ಆಮೇಲೆ ಗೋಡೆಗಳ ಕಡೆ ಕಣ್ಣಾಡಿಸಿ, "ಯಾಕೋ ಮನಿ ಬಣಬಣ ಅಂತೈತಿ ತಮ್ಮಾ" ಎಂದಳು.

ಗಂಡನನ್ನು ಕಳೆದುಕೊಂಡವಳಿಗೆ ಯಾವ ಮನೆಯಾದರೂ ಬಣಬಣವೇ ಎಂದು ನಾನು ನನ್ನಷ್ಟಕ್ಕೆ ಅರ್ಥ ಮಾಡಿಕೊಂಡು ಬಸ್ಸಿಗೆ ಹತ್ತಿಸಿ ಬಂದೆ. ಆಮೇಲೆ ಜಿಲ್ಲೆಗಳೂ ಬೇರೆಯಾದವು. ಗದ್ವಾಲವೇ ಒಂದು ಜಿಲ್ಲೆಯಾಯಿತು, ನಾವು ಹಳೆಯ ಜಿಲ್ಲೆಯಲ್ಲೇ ಉಳಿದೆವು. ಕೂತಲ್ಲೇ ಕೂತು ಅಕ್ಕ ಪರಜಿಲ್ಲೆಯವಳಾದಳು ಎಂದು ಫೋನಿನಲ್ಲಿ ತಮಾಷೆ ಮಾಡುತ್ತಿದ್ದೆ. ಫೋನು ಇಟ್ಟ ಮೇಲೆ ತಮಾಷೆ ಬಾಯಲ್ಲಿ ಕಹಿಯಾಗಿ ಉಳಿಯುತ್ತಿತ್ತು. ಅವಳಿಲ್ಲದ ಮನೆಯಲ್ಲಿ ಆ ಶುದ್ಧವಾದ ಹಾಡುಗಳನ್ನು ಕೇಳುತ್ತ ಕುಳಿತರೆ, ಅಕ್ಕ ಹೇಳಿದ ಮಾತು ನನಗೂ ನಿಜವೆನ್ನಿಸುತ್ತಿತ್ತು. ಬಣಬಣ.

ಅದಾಗಿ ಒಂದೂವರೆ ವರ್ಷಕ್ಕೆ ಒಮ್ಮೆ, ಹೇಳದೆ ಕೇಳದೆ ಗದ್ವಾಲಕ್ಕೆ ಹೋದೆ. ಹೊತ್ತು ಹನ್ನೊಂದು ಇರಬೇಕು. ಸಾವಿತ್ರಿ, ಅಳಿಯ, ಮಕ್ಕಳು ಎಲ್ಲಾ ಶಾಲೆ ಕಚೇರಿಗೆ ಹೋಗಿದ್ದರು. ಬಾಗಿಲು ಮುಂದಕ್ಕೆ ಹಾಕಿತ್ತು. ತಳ್ಳಿ ಒಳಗೆ ಕಾಲಿಟ್ಟವನು ಅಲ್ಲೇ ನಿಂತೆ. ಅಡಿಗೆಮನೆಯಲ್ಲಿ ಅಕ್ಕ ಹಾಡುತ್ತಿದ್ದಳು.

ಎಷ್ಟು ದಿನ ಆಗಿತ್ತು! ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಕಳ್ಳನ ಹಾಗೆ ಬಾಗಿಲ ಹತ್ತಿರ ಹೋಗಿ ಇಣುಕಿದೆ. ಅಕ್ಕ ನೆಲದ ಮೇಲೆ ಕುಳಿತಿದ್ದಳು. ಪಕ್ಕದಲ್ಲಿ ಇಡ್ಲಿ ಹಿಟ್ಟು ರುಬ್ಬುವ ಗ್ರೈಂಡರು ಗುರ್ರನೆ ತಿರುಗುತ್ತಿತ್ತು. ಒಂದು ಕೈ ಅದರ ಮೈಮೇಲೆ, ಇನ್ನೊಂದು ಅಂಗೈ ಕಿವಿಯ ಮೇಲೆ. ಕಣ್ಣು ಮುಚ್ಚಿದ್ದಳು. ಮೊದಲನೆಯ ಸಾಲೂ ಅವಳೇ, ಎರಡನೆಯದೂ ಅವಳೇ. ಹಿಟ್ಟು ನುಣ್ಣಗಾಗಿತ್ತೇನೋ, ಕಣ್ಣು ತೆರೆದು ಸ್ವಿಚ್ಚು ಆರಿಸಿದಳು. ಕಲ್ಲು ನಿಂತಿತು. ಪದವೂ ಸಾಲಿನ ನಡುವೆಯೇ ನಿಂತಿತು.

"ಯಾಕ ನಿಲ್ಲಿಸಿದಿ? ಹೇಳು" ಎಂದೆ.

ಬೆಚ್ಚಿಬಿದ್ದು ತಿರುಗಿದಳು. "ಅಯ್ಯ, ಯಾವಾಗ ಬಂದ್ಯೋ? ಕಲ್ಲು ನಿಂತ ಮ್ಯಾಲ ಪದ ಹೆಂಗ ಹೇಳಬೇಕು? ಕಲ್ಲು ತಿರುಗಲಾರದs ಪದ ಎತ್ತಬಾರದು ಅಂತ ಅವ್ವ ಹೇಳ್ತಿದ್ದಳಲ್ಲ. ಎತ್ತಿದ್ರೂ ದನಿ ನಿಲ್ಲಂಗಿಲ್ಲ ತಮ್ಮಾ. ಯಾವುದನ್ನ ಹಿಡಕೊಂಡು ನಿಲ್ಲಬೇಕದು?"

"ಮತ್ತ ನಮ್ಮ ಮನ್ಯಾಗ ಹೇಳ್ತಿದ್ದಿ?"

ಅಕ್ಕ ಹಿಟ್ಟಿನ ಕೈ ತೊಳೆಯುತ್ತ ಇದ್ದಳು. ತಿರುಗದೆಯೇ ಹೇಳಿದಳು: "ನಿಮ್ಮ ಮನ್ಯಾಗ ಆ ಡಬ್ಬಿ ಇತ್ತಲ್ಲೋ. ಇಡೀ ದಿನ ಗುಂಯ್ ಅಂತಿತ್ತು. ಥೇಟ್ ಅವ್ವನ ಕಲ್ಲು."

ಕೈಯಲ್ಲಿದ್ದ ಚಪ್ಪಲಿಯನ್ನು ಕೆಳಗಿಟ್ಟೆ. ಎಲ್ಲಾ ಒಂದೇ ಸಲಕ್ಕೆ ತಿಳಿಯಿತು. ಗಿರಣಿ ಬಂದಾಗ ಅವ್ವನ ಪದ ಯಾಕೆ ನಿಂತಿತು ಎನ್ನುವುದೂ, ಅಕ್ಕನಿಗೆ ನಮ್ಮ ಮನೆ ಯಾಕೆ ಬಣಬಣ ಎಂದಿತು ಎನ್ನುವುದೂ. ಅಕ್ಕನಿಗೆ ನಲವತ್ತು ವರ್ಷಕ್ಕೆ ಮತ್ತೆ ಒಂದು ಕಲ್ಲು ಸಿಕ್ಕಿತ್ತು. ಅದನ್ನು ನಿಲ್ಲಿಸಿದವನು ನಾನು.

"ನನಗ ಒಂದು ಮಾತು ಹೇಳಬಾರದಿತ್ತೇನು?"

"ನಿನ್ನ ಸಲುವಾಗಿ ತಂದೀನಿ ಅಂತ ಅಷ್ಟು ಹಿಗ್ಗಿ ಹಿಗ್ಗಿ ಬಂದಿ. ನಿನ್ನ ಮುಖ ನೋಡಿ ಹೆಂಗ ಹೇಳ್ಲಿ? ಹೋಗ್ಲಿ ಬಿಡು. ಇಲ್ಲಿ ವಾರಕ್ಕ ಎರಡು ಸಲ ಹಿಟ್ಟು ರುಬ್ಬತಾರ, ಸಾಕು."

ವಾರಕ್ಕೆ ಎರಡು ಸಲ! ಇಡ್ಲಿ ತಿನ್ನದ ವಾರ ಅದೂ ಇಲ್ಲ. ಮನೆಗೆ ಬಾ ಅಕ್ಕಾ, ಇವತ್ತೇ ಹೋಗೋಣ ಎಂದೆ. ಅಕ್ಕ ನಕ್ಕಳು. "ಈಗ ಹೆಂಗ ಬರಬೇಕೋ? ಮೊಮ್ಮಗಳ ಜಡಿ ಯಾರು ಹೆಣೀತಾರ? ನಾ ಇದ್ದೀನಿ ಅಂತ ಸಾವಿತ್ರಿ ದೂರದ ಶಾಲಿಗೆ ಹೋಗಾಕ ಹತ್ಯಾಳ. ಶ್ರಾವಣದಾಗ ನಾಕು ದಿನ ಬರ್ತೀನಿ." ಅವಳು ಅಳಿಯನ ಮನೆಯಲ್ಲಿ ಕಾಲು ಚಾಚಿ ಕೂಡುವುದನ್ನು ಕಲಿತುಬಿಟ್ಟಿದ್ದಳು. ಅವಳಿಗೆ ಬೇರೆ ದಾರಿ ಇಲ್ಲದಂತೆ ಮಾಡಿ, ಈಗ ಬಾ ಎಂದರೆ ಬರುವುದು ಎಲ್ಲಿಂದ?

ಶ್ರಾವಣಕ್ಕೆ ಒಂದು ವಾರ ಇರುವಾಗ ಮತ್ತೆ ಖಾಜಾ ಭಾಯಿಯ ಅಂಗಡಿಯ ಮುಂದೆ ನಿಂತೆ.

"ಭಾಯಿ, ಗುಂಯ್ ಅನ್ನೋ ವೈರು ಒಂದು ಕೊಡ್ರಿ."

ಅವನು ಕನ್ನಡಕ ಹಣೆಯಿಂದ ಕಣ್ಣಿಗಿಳಿಸಿ ನನ್ನನ್ನು ನೋಡಿದ. "ಯಾ ಅಲ್ಲಾ! ಮೂವತ್ತು ವರ್ಷದಾಗ ಎಲ್ರೂ ಗುಂಯ್ ತಗೀರಿ ಅಂತ ಬಂದಾರ. ಹಾಕಿಕೊಡ್ರಿ ಅಂತ ಬಂದವ್ರು ನೀವೊಬ್ಬರೇ ನೋಡ್ರಿ ಸಾಬ್."

ಸಂಗತಿ ಹೇಳಿದೆ. ನಗುತ್ತಿದ್ದವನು ನಗು ನಿಲ್ಲಿಸಿದ. ಅವನ ತಾಯಿಯೂ ಹೀಗೇ ಏನೋ ಹಾಡುತ್ತಿದ್ದಳಂತೆ, ಕೌದಿ ಹೊಲಿಯುವಾಗ. ಏನು ಹಾಡು ಎಂದು ಕೇಳಿದರೆ ನೆನಪಿಲ್ಲವೆಂದು ತಲೆ ಅಲ್ಲಾಡಿಸಿದ. ಡ್ರಾಯರುಗಳನ್ನೆಲ್ಲ ತಡಕಿ ಹೇಳಿದ: "ಹೊಸಾವು ಎಲ್ಲಾ ಚಲೋ ವೈರು ಅದಾವ್ರಿ, ಅಷ್ಟು ಸದ್ದು ಮಾಡಂಗಿಲ್ಲ. ಕೆಟ್ಟದ್ದs ಬೇಕಂದ್ರ ನಿಮ್ಮ ಹಳೇದನ್ನs ಹುಡುಕ್ರಿ."

ಹಳೆಯದು ಎಲ್ಲಿ? ಅಟ್ಟ ಹುಡುಕಿದೆ, ಟ್ರಂಕು ಹುಡುಕಿದೆ, ದನದ ಕೊಟ್ಟಿಗೆಯಾಗಿದ್ದ ಕೋಣೆಯಲ್ಲಿ ಬೂಸಾ ಚೀಲ ಸರಿಸಿ ಹುಡುಕಿದೆ. ಏನನ್ನೂ ಬಿಸಾಡದ ಮನೆತನವೆಂದು ಜಂಬ ಕೊಚ್ಚಿದ್ದೆನಲ್ಲ, ಈ ಒಂದು ವಸ್ತು ಕೈಗೆ ಸಿಗದೆ ಹೋದರೆ? ಎರಡು ದಿನದ ಮೇಲೆ ಶಾಂತಮ್ಮ, "ಏನ್ ಹುಡುಕಾಕ ಹತ್ತೀರಿ ಅಂತ ಬಾಯಿ ಬಿಟ್ಟು ಹೇಳ್ರಿ" ಎಂದಳು. ಹೇಳಿದೆ. ಕೈ ಹಿಡಿದು ಹಿತ್ತಿಲಿಗೆ ಕರೆದುಕೊಂಡು ಹೋದಳು. ಹೀರೆಬಳ್ಳಿಯ ಚಪ್ಪರಕ್ಕೆ ನನ್ನ ಕೆಂಪು-ಬಿಳಿ ವೈರನ್ನು ಕಟ್ಟಿದ್ದಳು. ಬಿಸಿಲಿಗೆ ಕೆಂಪು ಹೋಗಿ ಗುಲಾಬಿಯಾಗಿತ್ತು. ಅದನ್ನು ಸುತ್ತಿಕೊಂಡ ಬಳ್ಳಿಯ ತುದಿಗಳನ್ನು ಒಂದೊಂದಾಗಿ ಬಿಡಿಸಿ, ಬಿಚ್ಚಿ ತಂದು, ಎರಡೂ ತುದಿ ಒರೆಸಿದೆ. ಬೆಳಕಿನ ವೈರನ್ನು ತೆಗೆದೆ. ಇದನ್ನು ಸಿಕ್ಕಿಸಿ, ದೇವರಿಗೆ ಕೈಮುಗಿದು ಸ್ವಿಚ್ಚು ಒತ್ತಿದೆ.

ಗುಂಯ್!

ಮಳೆ ಬಿಸಿಲು ಉಂಡು ಅದರ ದನಿ ಮೊದಲಿಗಿಂತ ಗಟ್ಟಿಯಾಗಿತ್ತು. ಶಾಂತಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ನಕ್ಕು ಕಣ್ಣೊರೆಸಿಕೊಂಡಳು.

ಅಕ್ಕ ಬಂದಳು. ಮೊದಲಿಗಿಂತ ಸಣ್ಣಗಾಗಿದ್ದಳು, ಮೆಟ್ಟಿಲು ಹತ್ತುವಾಗ ಎರಡು ಸಲ ನಿಂತು ಉಸಿರು ಎಳೆದುಕೊಂಡಳು. ಕಾಲು ತೊಳೆದು ಒಳಗೆ ಬಂದವಳು ಪಡಸಾಲೆಯ ನಡುವೆ ನಿಂತಳು. ಕೇಳಿಸಿತೆಂದು ಗೊತ್ತಾಯಿತು. ಆದರೆ ಅಂದು ಹಾಡಲಿಲ್ಲ, ಮರುದಿನವೂ ಇಲ್ಲ. ಬೇಸ್ ಡಬ್ಬಿಗೆ ಬೆನ್ನು ಕೊಟ್ಟು ಕೂಡುವಳು, ಅಷ್ಟೇ. ನಾನು ಕಟ್ಟೆಯ ಮೇಲೆ ಮಲಗಿ ನಿದ್ದೆಯ ನಾಟಕ ಮಾಡುತ್ತಿದ್ದೆ. ತಡವಾಯಿತೇನೋ, ನಿಂತ ಪದ ಮತ್ತೆ ಏಳುವುದಿಲ್ಲವೇನೋ ಎಂದು ಒಳಗಿನ ಕಡೆಗೇ ಕಿವಿ.

ಹೊರಡುವ ದಿನ ಬೆಳಿಗ್ಗೆ ಟ್ರಂಕು ಕಟ್ಟಿಯಾಗಿತ್ತು. ಬಸ್ಸಿಗೆ ಇನ್ನೂ ಒಂದು ತಾಸು. ಮೊರ ತೆಗೆದುಕೊಂಡು ಕುಳಿತಳು. ನಾನು ಹೊರಗೆ ಹೋಗಲೆಂದು ಎದ್ದೆ. "ಎಲ್ಲಿ ಹೊಂಟಿ? ಕೂಡಿಲ್ಲಿ" ಎಂದಳು. ಎದುರಿಗೆ ಕುಳಿತೆ. ಅಂಗೈ ಕಿವಿಗೆ ಹೋಯಿತು. ಗುಂಯ್ ಎನ್ನುವುದರ ಮೇಲೆ ಅವಳ ದನಿ ಮೆತ್ತಗೆ ಬಂದು ಕುಳಿತಿತು.

"ಜ್ವಾಳದ ಕಾಳವ್ವ ನೀ ಮೆಲ್ಲಕ ಇಳಿಯವ್ವ..."

ನಿಂತಳು. ಕೆಮ್ಮಿದಳು. ಉಸಿರು ಎಳೆದುಕೊಂಡಳು. ಮತ್ತೆ ಎತ್ತಿದಳು, ಅಲ್ಲಿಗೇ ಬಂದು ನಿಂತಿತು.

"ಎರಡೂ ಸಾಲು ಹೇಳಾಕ ಈಗ ದಮ್ಮು ಸಾಲಂಗಿಲ್ಲೋ. ನಾ ಅವ್ವನ ಸಾಲು ಹೇಳ್ತೀನಿ. ನನ್ನ ಸಾಲು ನೀ ಹೇಳು."

"ನನಗೆಲ್ಲಿ ಬರ್ತೈತಿ ಅಕ್ಕಾ?"

"ನನ್ನ ತೊಡಿ ಮ್ಯಾಲ ಮಲಗಿ ದಿನಾ ಕೇಳಿದವ ನೀನs. ಬರ್ತೈತಿ, ಹೇಳು."

ಅವಳು ಮತ್ತೆ ಎತ್ತಿದಳು. ಸಾಲು ಮುಗಿಯುತ್ತಲೇ ನನ್ನನ್ನು ನೋಡಿದಳು. ಮೂವತ್ತು ವರ್ಷ ರೈಟ್ ರೈಟ್ ಎಂದು ಒಡೆದ ನನ್ನ ಗಂಟಲಿನಲ್ಲಿ, ಅರವತ್ತು ದಾಟಿದ ನಾನು, "ತೊಡಿಮ್ಯಾಲ ತಮ್ಮ ಮಲಗ್ಯಾನ, ಅವನೆದ್ದರ" ಎಂದು ಹಾಡಿದೆ. ಅದನ್ನು ಹಾಡು ಎಂದರೆ ಯಾರೂ ನಂಬುವುದಿಲ್ಲ. ಅಡಿಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಅಕ್ಕ ನಗಲಿಲ್ಲ. ಮೂರನೆಯ ಸಾಲಿಗೆ ನನ್ನ ಜೊತೆ ಕೂಡಿಕೊಂಡಳು. ಬಸ್ಸಿನ ಹೊತ್ತಾಗುವವರೆಗೆ ಆ ಒಂದೇ ಪದವನ್ನು ಎಷ್ಟು ಸಲ ಹೇಳಿದೆವೋ ಲೆಕ್ಕವಿಲ್ಲ.

ಬಸ್ ಸ್ಟ್ಯಾಂಡಿನಲ್ಲಿ ಕಿಟಕಿಯ ಪಕ್ಕ ಕುಳಿತ ಮೇಲೆ ಸಂಚಿ ಬಿಚ್ಚಿ, ಅಡಿಕೆ ಚೂರುಗಳ ನಡುವಿನಿಂದ ಏನೋ ಹುಡುಕಿ ನನ್ನ ಅಂಗೈಗೆ ಹಾಕಿದಳು. ಆ ಎರಡು ಸಣ್ಣ ಪ್ಲಾಸ್ಟಿಕ್ ಟೋಪಿಗಳು. ಸುಣ್ಣ ಹತ್ತಿ ಬೆಳ್ಳಗಾಗಿದ್ದವು.

"ಅದನ್ನ ತಗದಿಟ್ಟಿ ಅಂತ ನಾ ನೋಡೀನಿ. ಇವನ್ನ ಹಾಕಿ ಇಡು, ಧೂಳು ಹೊಕ್ಕೀತು. ಪಾಪ, ಅದರದೇನು ತಪ್ಪೈತಿ?"

ಬಸ್ಸು ಜೂರಾಲದ ದಾರಿ ಹಿಡಿಯಿತು. ಆ ಬಸ್ಸನ್ನು ವರ್ಷಗಟ್ಟಲೆ ಸೀಟಿ ಊದಿ ಹೊರಡಿಸಿದವನು ನಾನು. ಅದು ಹೊರಡುವುದು ಬೇಡವೆನ್ನಿಸಿದ್ದು ಅದೇ ಮೊದಲು.

ಬೆಳಕಿನ ವೈರು ಟೋಪಿ ಹಾಕಿಕೊಂಡು ಅಟ್ಟದಲ್ಲಿದೆ. ಟಿವಿಯ ಬೆನ್ನಿನ ಕೆಂಪು ಬೆಳಕು ಗೋಡೆಯ ಮೇಲೆ ಬೀಳುತ್ತಿದೆ, ಅದರಲ್ಲಿ ಯಾರದೋ ಹಾಡು ಹೋಗುತ್ತಲೇ ಇರಬೇಕು. ನಾನು ಪ್ರತಿ ದಿನ ಬೆಳಿಗ್ಗೆ ಹತ್ತಕ್ಕೆ ಪೆಟ್ಟಿಗೆ ಹಚ್ಚಿ, ಬೇಸ್ ಡಬ್ಬಿಯ ಎದುರಿಗೆ ಕೂಡುತ್ತೇನೆ. ಅಕ್ಕನ ಜಾಗ ಖಾಲಿ ಬಿಟ್ಟಿರುತ್ತೇನೆ. ಆ ಹೊತ್ತಿಗೆ ಸರಿಯಾಗಿ ಗದ್ವಾಲದಿಂದ ಫೋನು ಬರುತ್ತದೆ.

"ಕಲ್ಲು ಹಚ್ಚಿಯೇನೋ ತಮ್ಮಾ?"

"ಹಚ್ಚೀನಿ ಅಕ್ಕಾ. ನನಗ ಎರಡನೇ ಸಾಲs ಬರ್ತೈತಿ. ಬಂದು ಮೊದಲನೇದು ಎತ್ತು."